ಮನೆಗೆ ಬಂದ ಪಿನ್ನು

ಬಟ್ಟೆ ಒಗೆಯಲು ಹಾಕುವ ಮುನ್ನ ಜೇಬು ನೋಡಬೇಕೆನ್ನುವುದು ಆ ಮನೆಯಲ್ಲಿ ಅಮ್ಮ ಮಾಡಿದ ಕಾನೂನು. ಹಿಂದೊಮ್ಮೆ ಅಪ್ಪನ ಜೇಬಿನಲ್ಲಿದ್ದ ಸ್ಕ್ರೂ ವಾಷಿಂಗ್ ಮಷೀನಿನ ಹೊಟ್ಟೆ ಸೇರಿ, ಮಷೀನು ವಾರವಿಡೀ ಕೆಮ್ಮಿ ಕೆಮ್ಮಿ ಪ್ರಾಣ ಬಿಟ್ಟಿತ್ತು. ಹೊಸ ಮಷೀನು ಬಂದ ದಿನವೇ ಈ ಕಾನೂನೂ ಬಂತು. ಅದನ್ನು ಮುರಿಯುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಮಗಳು ಬೆಳಗಿನ ಪಾಳಿ ಮುಗಿಸಿ ಬಂದು, ಸ್ನಾನ ಮಾಡಿ, ಬೂದು ಬಣ್ಣದ ಯೂನಿಫಾರ್ಮ್ ಪ್ಯಾಂಟನ್ನು ಎತ್ತಿಕೊಂಡಾಗ ಅದು ಎಂದಿಗಿಂತ ಕೊಂಚ ಭಾರ ಅನ್ನಿಸಿತು. ತೊಡೆಯ ಪಕ್ಕದ ದೊಡ್ಡ ಜೇಬಿಗೆ ಕೈ ಹಾಕಿದಳು. ಬೆರಳಿಗೆ ಮೊದಲು ಸಿಕ್ಕಿದ್ದು ಬಟ್ಟೆ. ಎಳೆದಳು. ಕೆಂಪು ಪಟ್ಟಿ ಬಂತು, ಬರುತ್ತಲೇ ಇತ್ತು, ಒಂದು ಮೊಳ ಬಂತು. ಅದರ ತುದಿಯಲ್ಲಿ ಬೆರಳುದ್ದದ ಉಕ್ಕಿನ ಪಿನ್ನು ಜೋತಾಡಿತು. ಪಟ್ಟಿಯ ಮೇಲೆ ದಪ್ಪ ಬಿಳಿ ಅಕ್ಷರ: ಹಾರುವ ಮುನ್ನ ತೆಗೆಯಿರಿ.

ಅವಳು ಬಚ್ಚಲಿನ ಒದ್ದೆ ನೆಲದ ಮೇಲೆಯೇ ಕೂತುಬಿಟ್ಟಳು.

ವಿಮಾನ ತನ್ನಷ್ಟಕ್ಕೆ ತಾನು ಹಿಂದಕ್ಕೆ ಹೋಗುವುದಿಲ್ಲ. ಜನ ಹತ್ತಿ, ಬಾಗಿಲು ಮುಚ್ಚಿದ ಮೇಲೆ ಒಂದು ಗಿಡ್ಡ ಟ್ರ್ಯಾಕ್ಟರ್ ಅದರ ಮುಂದಿನ ಚಕ್ರವನ್ನು ಹಿಡಿದು ಹಿಂದಕ್ಕೆ ತಳ್ಳಬೇಕು. ತಳ್ಳುವಾಗ ಚಕ್ರ ಟ್ರ್ಯಾಕ್ಟರಿನ ಮಾತು ಕೇಳಬೇಕೇ ಹೊರತು ಪೈಲಟ್‌ನ ಮಾತು ಕೇಳಬಾರದು. ಅದಕ್ಕಾಗಿ ಮುಂಗಾಲಿನ ಒಂದು ತೂತಿಗೆ ಈ ಪಿನ್ನು ಚುಚ್ಚುತ್ತಾರೆ. ತಳ್ಳಿ ಮುಗಿದ ಮೇಲೆ, ಕಿವಿಗೆ ಹೆಡ್‌ಸೆಟ್ ಹಾಕಿಕೊಂಡು ಪೈಲಟ್ ಜೊತೆ ಮಾತಾಡುತ್ತಿದ್ದ ಕೆಲಸಗಾರ ಪಿನ್ನನ್ನು ಕಿತ್ತು, ಪಕ್ಕಕ್ಕೆ ನಡೆದು ಬಂದು, ಪೈಲಟ್‌ಗೆ ಕಾಣುವ ಹಾಗೆ ತಲೆಯ ಮೇಲೆ ಎತ್ತಿ ಹಿಡಿಯುತ್ತಾನೆ. ಕೆಂಪು ಪಟ್ಟಿ ಗಾಳಿಗೆ ಆಡುತ್ತದೆ. ಪೈಲಟ್ ಒಳಗಿನಿಂದ ಕೈ ಎತ್ತುತ್ತಾನೆ. ಕಂಡೆ, ಇನ್ನು ಚಕ್ರ ನನ್ನದು ಎಂದು ಅದರ ಅರ್ಥ. ಆಮೇಲಷ್ಟೇ ವಿಮಾನ ಮುಂದಕ್ಕೆ ಚಲಿಸುತ್ತದೆ. ಕಿಟಕಿ ಪಕ್ಕ ಕೂತವರಲ್ಲಿ ಕೆಲವರು ಇದನ್ನು ನೋಡಿ ತಮಗೇ ಟಾಟಾ ಮಾಡುತ್ತಿದ್ದಾರೆಂದು ತಿಳಿದು ತಾವೂ ಕೈ ಬೀಸುವುದುಂಟು.

ಆ ಹೆಡ್‌ಸೆಟ್ಟಿನ ಕೆಲಸ ಈ ಮಗಳದು.

ಕೂತಲ್ಲೇ ಲೆಕ್ಕ ಹಾಕಿದಳು. ಪಿನ್ನು ಇಲ್ಲಿದೆ ಅಂದರೆ ವಿಮಾನದ ಕಾಲಲ್ಲಿ ಇಲ್ಲ. ವಿಮಾನ ಹೋಗಿದೆ, ಸರಿಯಾಗಿಯೇ ಹೋಗಿದೆ. ಹೋದ ಜೀವ ಬಂದಂತಾಯಿತು. ಆದರೆ ಬಂದ ಜೀವ ಹೆಚ್ಚು ಹೊತ್ತು ನಿಲ್ಲಲಿಲ್ಲ. ಸೋಪಿನ ಡಬ್ಬದ ಪಕ್ಕ ಇಟ್ಟಿದ್ದ ಫೋನು ಒಂದರ ಹಿಂದೊಂದು ಗುರುಗುಟ್ಟತೊಡಗಿತು.

ಕೆಲಸದವರ ಗುಂಪಿನಲ್ಲಿ ಸಂದೇಶಗಳು. ಮಧ್ಯಾಹ್ನದ ಪಾಳಿಯವರು ಟ್ರ್ಯಾಕ್ಟರಿನಲ್ಲಿ ಪಿನ್ನು ಇಡುವ ಡಬ್ಬಿ ತೆಗೆದು ನೋಡಿದಾಗ ಒಂದು ಪಿನ್ನು ಕಮ್ಮಿ ಇದೆ. ಎಲ್ಲೋ ನೆಲದ ಮೇಲೆ ಬಿದ್ದಿರಬೇಕು. ನೆಲದ ಮೇಲೆ ಬಿದ್ದ ಉಕ್ಕಿನ ತುಂಡನ್ನು ಎಂಜಿನ್ ಒಳಗೆಳೆದುಕೊಂಡರೆ ಗತಿ ಕೆಟ್ಟಿತು. ಆದ್ದರಿಂದ ಆ ಸಾಲಿನ ಬೇಗಳನ್ನು, ಅಂದರೆ ವಿಮಾನ ನಿಲ್ಲುವ ಜಾಗಗಳನ್ನು, ಮುಚ್ಚಿದ್ದಾರೆ. ಇಳಿದ ವಿಮಾನಗಳು ದೂರದಲ್ಲಿ ಜನರನ್ನು ತುಂಬಿಕೊಂಡೇ ಕಾಯುತ್ತಿವೆ. ಪಾಳಿಯವರೆಲ್ಲ ಕೈಯಳತೆ ದೂರದಲ್ಲಿ ಸಾಲಾಗಿ ನಿಂತು, ತಲೆ ಬಗ್ಗಿಸಿ, ಕಾಂಕ್ರೀಟಿನ ಒಂದೊಂದು ಬಿರುಕನ್ನೂ ನೋಡುತ್ತ ನಡೆಯುತ್ತಿದ್ದಾರೆ. ಯಾರೋ ಫೋಟೋ ಹಾಕಿದ್ದರು: ಉರಿಬಿಸಿಲಲ್ಲಿ ಬೂದು ಅಂಗಿಗಳ ಉದ್ದ ಸಾಲು, ಎಲ್ಲರ ಬೆನ್ನೂ ಬೆವರಿಗೆ ಕಪ್ಪಾಗಿದೆ.

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ಇಲ್ಲಿ ಊರು ಅಲ್ಲಿತ್ತು, ಕೂಸು ಇವಳ ಬಚ್ಚಲಿನಲ್ಲಿತ್ತು.

ಕೊನೆಯ ಸಂದೇಶ ಮೇಲ್ವಿಚಾರಕನದು. ಎಡಗೈ ಮಡಚಿ ವಾಚು ನೋಡುತ್ತಲೇ ಮಾತಾಡುವ ಅವನಿಗೆ ಗಡಿಯಾರ ಎಂದೇ ಹೆಸರು. ಎದುರಿಗಲ್ಲ, ಹಿಂದಿನಿಂದ. ‘ಬೆಳಗಿನ ಪಾಳಿಯವರು ಎಲ್ಲರೂ ಉತ್ತರ ಕೊಡಿ. ಪಿನ್ನು ಕೊನೆಗೆ ಯಾರ ಕೈಯಲ್ಲಿತ್ತು?’

ಕುಂಬಳಕಾಯಿ ಕಳ್ಳ ಅಂದರೆ ಎಲ್ಲರೂ ಹೆಗಲು ಮುಟ್ಟಿಕೊಂಡರು. ನನ್ನ ಹತ್ತಿರ ಇಲ್ಲ, ನನ್ನ ಹತ್ತಿರವೂ ಇಲ್ಲ, ನಾನು ಇವತ್ತು ರಜೆ. ಉತ್ತರ ಬಾರದೆ ಉಳಿದದ್ದು ಒಬ್ಬಳದೇ.

ಅವಳು ಟೈಪ್ ಮಾಡಲು ಹೆಬ್ಬೆರಳು ಎತ್ತಿದಳು, ಇಳಿಸಿದಳು. ಕಂಪನಿಯ ನಿಯಮ ಅವಳಿಗೆ ಬಾಯಿಪಾಠ. ವಿಮಾನ ಸಂಸ್ಥೆಯ ವಸ್ತು ಗೇಟು ದಾಟಿ ಹೊರಗೆ ಹೋದರೆ ಪಾಸು ವಾಪಸ್. ಮರೆತು ಹೋಯಿತೋ, ಕದ್ದು ಹೋಯಿತೋ, ಯಾರೂ ಕೇಳುವುದಿಲ್ಲ. ಹಿಂದಿನ ಚಳಿಗಾಲದಲ್ಲಿ ಸಾಮಾನು ತುಂಬುವವನೊಬ್ಬ ಟಾರ್ಚನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಮನೆಗೆ ಹೋಗಿದ್ದ. ಮರುದಿನ ಅವನೇ ತಂದುಕೊಟ್ಟ. ಟಾರ್ಚು ಒಳಗೆ ಹೋಯಿತು, ಅವನು ಹೋಗಲಿಲ್ಲ. ಕುತ್ತಿಗೆಯಲ್ಲಿ ನೇತಾಡುವ ಆ ಪ್ಲಾಸ್ಟಿಕ್ ಪಾಸು ಇಲ್ಲದಿದ್ದರೆ ಕೆಲಸವಿಲ್ಲ, ಒಮ್ಮೆ ಕಿತ್ತುಕೊಂಡ ಪಾಸನ್ನು ಯಾವ ಕಂಪನಿಯೂ ಮತ್ತೆ ಕೊಡಿಸುವುದಿಲ್ಲ. ಮನೆ ನಡೆಯುತ್ತಿದ್ದದ್ದು ಆ ಪಾಸಿನ ಮೇಲೆ. ಅಮ್ಮನ ಹೊಲಿಗೆ ಮತ್ತು ಅಪ್ಪನ ಫ್ಯಾನ್ ರಿಪೇರಿಯಿಂದ ಕರೆಂಟಿನ ಬಿಲ್ಲೂ ಅಕ್ಕಿಯೂ ಒಟ್ಟಿಗೆ ಬರುತ್ತಿರಲಿಲ್ಲ.

ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ನಿಧಾನಿ. ಬೆಳಗಿನ ಪಾಳಿಯ ಟ್ರ್ಯಾಕ್ಟರ್ ಓಡಿಸುವವನು. ಗಾಳಿಗಿಂತ ಮುಂದೆ ಹೋಗುತ್ತಾನೆಂದು ಅವನಿಗೆ ಆ ಹೆಸರು ಬಿದ್ದಿತ್ತು. ಕೈ ಒದ್ದೆಯಾಗಿದ್ದರಿಂದ ಅವಳು ಸ್ಪೀಕರಿಗೆ ಹಾಕಿದಳು. ಅದು ತಪ್ಪಾಯಿತು. ಎಂಜಿನ್ ಸದ್ದಿನ ನಡುವೆ ಬದುಕಿದವನ ಗಂಟಲು, ಮೆಲ್ಲಗೆ ಮಾತಾಡಿದರೂ ಪಕ್ಕದ ಮನೆಗೆ ಕೇಳುತ್ತಿತ್ತು.

“ತಂಗಿ, ನಿಜ ಹೇಳು. ನಿನ್ ಹತ್ರ ಇದ್ಯಾ?”

“ಇದೆ ಅಣ್ಣ.”

“ನನಗ್ಗೊತ್ತು! ಗೊತ್ತಿತ್ತು ನನಗೆ! ಬಾಯಿ ಮುಚ್ಕೊಂಡಿರು. ಡಬ್ಬಿಗೆ ಹಾಕಿದ್ದು ನಾನೇ ನೋಡಿದೀನಿ ಅಂತ ಬರೆದುಬಿಡ್ತೀನಿ. ನಾಳೆ ಬರುವಾಗ ತಗೊಂಡು ಬಾ. ಬೆಲ್ಟಿನ ಬಕಲ್ ಹಿಂದೆ ಇಟ್ಕೊಂಡ್ರೆ ಗೇಟಲ್ಲಿ ಪೀಂ ಅಂದ್ರೂ ಬಕಲ್ ಅಂದ್ಕೋತಾರೆ. ಬೇಲಿ ಹತ್ರ ಹುಲ್ಲಲ್ಲಿ ಬಿಸಾಕು. ನಾನು ಹೋಗಿ ಸಿಕ್ತು ಸಿಕ್ತು ಅಂತ ಕೂಗ್ತೀನಿ. ಕಥೆ ಮುಗೀತು.”

“ಅಲ್ಲಿವರೆಗೂ ಅವ್ರು ಹುಡುಕ್ತಾನೇ ಇರ್ಬೇಕಾ?”

“ಹುಡುಕ್ಲಿ ಬಿಡು. ಸಿಗಲ್ಲ ಅಂದ್ಮೇಲೆ ಅವರೇ ಸುಮ್ನಾಗ್ತಾರೆ. ನಡಿಯೋದ್ರಿಂದ ಯಾರೂ ಸಾಯಲ್ಲ.”

“ಬಿಸಿಲು ನೋಡಿದ್ಯಾ ಅಣ್ಣ?”

“ನಿನ್ ಪಾಸು ನೋಡ್ಕೋ ಮೊದ್ಲು,” ಎಂದು ಅವನು ಫೋನಿಟ್ಟ.

ಮುಂದಿನ ಕೋಣೆಯಲ್ಲಿ ಸ್ಕ್ರೂಡ್ರೈವರಿನ ಸದ್ದು ನಿಂತಿತ್ತು.

ಆ ಮನೆಯಲ್ಲಿ ವಿಮಾನ ನಿಲ್ದಾಣದ ಮಾತು ಆಡುತ್ತಿರಲಿಲ್ಲ. ಇದು ಕಾನೂನಲ್ಲ, ಯಾರೂ ಹೇಳಿದ್ದೂ ಅಲ್ಲ. ಅಪ್ಪ ವಿಮಾನಗಳು ನಿಲ್ಲುವ ಅದೇ ಅಂಗಳದಲ್ಲಿ ಅದೇ ಹೆಡ್‌ಸೆಟ್ ಹಾಕಿಕೊಂಡು ತಲೆ ನರೆಯುವವರೆಗೆ ದುಡಿದವನು, ವಿಮಾನ ಸಂಸ್ಥೆಯ ಖಾಯಂ ನೌಕರ. ಒಂದು ಬೆಳಿಗ್ಗೆ ಸಂಸ್ಥೆ ಇಡೀ ವಿಭಾಗವನ್ನು ಗುತ್ತಿಗೆ ಕಂಪನಿಯೊಂದಕ್ಕೆ ಒಪ್ಪಿಸಿತು. ಟ್ರ್ಯಾಕ್ಟರ್ ಅದೇ, ಡಬ್ಬಿ ಅದೇ, ಪಿನ್ನೂ ಅದೇ. ನೀಲಿ ಅಂಗಿ ಹೋಗಿ ಬೂದು ಅಂಗಿ ಬಂತು, ನಾಲ್ವರು ಮಾಡುತ್ತಿದ್ದ ಕೆಲಸ ಇಬ್ಬರಿಗೆ ಬಂತು, ಸಂಬಳ ಅರ್ಧಕ್ಕೆ ಇಳಿಯಿತು. ಬೂದು ಅಂಗಿ ಹಾಕುವುದಾದರೆ ಬನ್ನಿ ಅಂದರು. ಕೆಲವರು ಹೋದರು. ಅಪ್ಪ ಹೋಗಲಿಲ್ಲ. ವರ್ಷಗಳಾದ ಮೇಲೆ ಮಗಳು ಹೋದಳು. ಅವನು ಬೇಡವೆನ್ನಲಿಲ್ಲ. ಆದರೆ ಒಂದು ದಿನವಾದರೂ ಇವತ್ತು ಕೆಲಸ ಹೇಗಿತ್ತು ಎಂದು ಕೇಳಿದವನಲ್ಲ. ಅವಳು ಬಂದಾಗ ಗೋಡೆಗೆ ನೇತುಹಾಕಿದ ಬೂದು ಅಂಗಿಯ ಕಡೆಗೆ ಬೆನ್ನು ಮಾಡಿ ಕೂರುತ್ತಿದ್ದ, ಅಷ್ಟೇ.

ಈಗ ಅವನು ಬಚ್ಚಲಿನ ಬಾಗಿಲಿಗೆ ಬಂದು ನಿಂತ. ಕನ್ನಡಕ ಹಣೆಯ ಮೇಲಿತ್ತು. ಅವಳ ಕೈಯಲ್ಲಿದ್ದ ಕೆಂಪು ಪಟ್ಟಿಯನ್ನು ನೋಡಿದ.

“ತೋರಿಸಿದ್ಯಾ?”

ಅವಳಿಗೆ ತಕ್ಷಣ ಅರ್ಥವಾಗಲಿಲ್ಲ.

“ಪೈಲಟ್‌ಗೆ. ತೋರಿಸಿದ್ಯಾ, ಇಲ್ವಾ?”

“ತೋರಿಸಿದೆ ಅಪ್ಪ. ಅವ್ರು ಕೈ ಎತ್ತಿದ್ರು.”

“ಯಾವ ಕೈ?”

“ಎಡಗೈ. ವಾಚ್ ಹೊಳೀತು.”

ಅಪ್ಪ ಉಸಿರು ಬಿಟ್ಟ. “ಮತ್ತೆ ಡಬ್ಬಿಗೆ ಯಾಕೆ ಹೋಗಲಿಲ್ಲ ಇದು?”

“ಡಬ್ಬಿ ಟ್ರ್ಯಾಕ್ಟರಲ್ಲಿರುತ್ತೆ. ಟ್ರ್ಯಾಕ್ಟರು ಅಷ್ಟರಲ್ಲಿ ಪಕ್ಕದ ಬೇ ಕಡೆಗೆ ಹೋಗಿತ್ತು.”

“ನಿನ್ನ ಬಿಟ್ಟು?”

“ದಿನಾ ಹಂಗೇ. ಅವ್ರು ಹೋಗಿ ಅಲ್ಲಿ ಸಿಕ್ಕಿಸಿಕೊಳ್ಳೋಷ್ಟರಲ್ಲಿ ನಾನು ಓಡ್ತೀನಿ. ಡಬ್ಬೀಲಿ ಇನ್ನೊಂದು ಪಿನ್ನಿತ್ತು, ಅದನ್ನ ಹಾಕಿದೆ. ಇದು ಜೇಬಲ್ಲೇ ಉಳೀತು.”

“ರೆಕ್ಕೆ ಎಲ್ಲೂ ತಾಗದ ಹಂಗೆ ನೋಡೋಕೆ ಅದರ ಹತ್ರ ಯಾರಿದ್ರು?”

“ಯಾರೂ ಇರ್ಲಿಲ್ಲ.”

ಅಪ್ಪನ ಕಿವಿಯ ತುದಿ ಕೆಂಪಾಗಿತ್ತು. ಆ ಸಿಟ್ಟು ತನ್ನ ಮೇಲಲ್ಲ ಎಂದು ಅವಳಿಗೆ ತಿಳಿಯಲು ಒಂದು ಗಳಿಗೆ ಬೇಕಾಯಿತು.

ಹೊಲಿಗೆ ಮಷೀನು ಬಿಟ್ಟು ಅಮ್ಮನೂ ಎದ್ದು ಬಂದಳು. ಬಾಯಲ್ಲಿ ದಾರದ ತುಂಡು, ಕುತ್ತಿಗೆಯಲ್ಲಿ ಅಳತೆಯ ಟೇಪು. “ಏನದು ಕೆಂಪಗೆ? ಓ, ಇದಾ! ಮನೆಗೆ ಬಂತಾ ಇದು?” ಎಂದಳು, ಹಳೆಯ ನೆಂಟರು ಬಂದ ಹಾಗೆ.

“ನಿನಗೆ ಗೊತ್ತಾಮ್ಮ ಇದು?”

“ಗೊತ್ತಿಲ್ದೆ ಏನು? ಇವರ ಕಾಲದಲ್ಲಿ ಪಿನ್ನು ಮನೆಗೆ ತರದೇ ಇದ್ದೋರು ಯಾರು?”

“ನಾನು ತಂದಿಲ್ಲ,” ಎಂದ ಅಪ್ಪ.

“ಹೌದು, ನೀವು ತಂದಿಲ್ಲ. ನೀವು ಹೆಡ್‌ಸೆಟ್ಟನ್ನೇ ಕುತ್ತಿಗೆಗೆ ಹಾಕ್ಕೊಂಡು ಬಸ್ಸಲ್ಲಿ ಬಂದ್ರಿ. ಮೂರು ಸ್ಟಾಪ್ ದಾಟೋವರೆಗೂ ಇವರಿಗೇ ಗೊತ್ತಿಲ್ಲ. ಕಂಡಕ್ಟರ್ ಟಿಕೆಟ್ ಕೇಳಿದ್ರೆ ಏನು, ಏನು ಅಂತಿದ್ರಂತೆ.”

ಮಗಳಿಗೆ ಅಳು ಬರುವುದರಲ್ಲಿತ್ತು, ನಗು ಬಂತು. ಅಪ್ಪ ನಗಲಿಲ್ಲ, ಆದರೆ ಬಾಗಿಲ ಹೊಸ್ತಿಲ ಮೇಲೆ ಕುಕ್ಕರಗಾಲಲ್ಲಿ ಕೂತ. ಅಂಗಳದಲ್ಲಿ ವಿಮಾನಕ್ಕೆ ಕಾಯುವಾಗ ಇವರೆಲ್ಲ ಹಾಗೆಯೇ ಕೂರುತ್ತಾರೆ. ಅವಳೂ ಹಾಗೆಯೇ ಕೂರುತ್ತಾಳೆ.

“ಆಗ ಒಂದು ಪದ್ಧತಿ ಇತ್ತು,” ಎಂದ. “ಪಿನ್ನು ಮನೆಗೆ ತಂದೋನು ನೆನಪಾದ ಕೂಡ್ಲೇ ಫೋನ್ ಮಾಡ್ಬೇಕು. ಮನೇಲಿ ಫೋನ್ ಇಲ್ದಿದ್ರೆ ಅಂಗಡಿಯಿಂದ ಮಾಡ್ಬೇಕು. ಮಾರನೇ ದಿನ ಹಳೇ ಕೆಂಪು ಪಟ್ಟಿ ಒಂದನ್ನ ಅಂಗಿಗೆ ಸಿಕ್ಕಿಸ್ಕೊಂಡು ಪಾಳಿ ಪೂರ್ತಿ ಓಡಾಡ್ಬೇಕು. ಹಾರುವ ಮುನ್ನ ತೆಗೆಯಿರಿ! ಅಡ್ಡ ಬಂದೋರೆಲ್ಲ ಎಳೆದು ನೋಡೋರು. ಅಡುಗೆ ಗಾಡಿಯೋರು, ಪೆಟ್ರೋಲಿನೋರು, ಪೈಲಟ್‌ಗಳೂ ನಗೋರು. ಅಷ್ಟೇ ಶಿಕ್ಷೆ.”

“ಅಷ್ಟೇನಾ?”

“ಅಷ್ಟೇ. ನಗು ಒಂದು ದಿನ ಇರುತ್ತೆ, ಸಾಯಂಕಾಲಕ್ಕೆ ಸರಿಹೋಗುತ್ತೆ. ಅದಕ್ಕೇ ಯಾರೂ ಮುಚ್ಚಿಡ್ತಾ ಇರ್ಲಿಲ್ಲ. ನಡೆಯೋರು ಎಡವದೆ ಕೂತೋರು ಎಡವ್ತಾರಾ? ನಮ್ಮ ಅಂಗಳದಲ್ಲಿ ಒಂದು ಪಿನ್ನಿಗೋಸ್ಕರ ಯಾವತ್ತೂ ಸಾಲು ನಿಲ್ಲಿಸಿ ಹುಡುಕ್ಸಿಲ್ಲ. ಎಲ್ಲಿದೆ ಅಂತ ಯಾವಾಗ್ಲೂ ಗೊತ್ತಿರ್ತಿತ್ತು.”

“ಈಗ ಹಂಗಲ್ಲ ಅಪ್ಪ. ಹೇಳಿದ್ರೆ ಪಾಸು ಹೋಗುತ್ತೆ.”

“ಹೋಗಬಹುದು.”

ಹೋಗುವುದಿಲ್ಲ ಎಂದು ಅಪ್ಪ ಹೇಳಲಿಲ್ಲ. ಅವಳು ಅಮ್ಮನ ಮುಖ ನೋಡಿದಳು. ಅಮ್ಮ ಬಾಯಿಂದ ದಾರ ತೆಗೆದಳು. “ನನ್ನ ಯಾಕೆ ನೋಡ್ತೀಯ? ಅಕ್ಕಿ ಡಬ್ಬ ನಾನು ನೋಡ್ಕೋತೀನಿ. ಬಿಸಿಲಲ್ಲಿ ನಡೀತಿರೋರು ನಿನ್ನೋರು.”

ಅವಳು ಮತ್ತೆ ಫೋಟೋ ತೆರೆದಳು. ಎಲ್ಲರೂ ತಲೆ ಬಗ್ಗಿಸಿದ್ದರಿಂದ ಯಾರ ಮುಖವೂ ಕಾಣುತ್ತಿರಲಿಲ್ಲ, ಬೆನ್ನಿನಿಂದಲೇ ಗುರುತು ಹಿಡಿಯಬೇಕು. ಸಾಲಿನ ಕೊನೆಯಲ್ಲಿ ಸೊಂಟಕ್ಕೆ ಕೈ ಕೊಟ್ಟು ನಿಂತವಳು ವಿಮಾನದೊಳಗೆ ಗುಡಿಸುವವಳು, ಆರು ತಿಂಗಳ ಬಸುರಿ. ಅವಳನ್ನೂ ಸಾಲಿಗೆ ಎಳೆದಿದ್ದಾರೆ.

ಕೈ ಒರೆಸಿಕೊಂಡು ಗಡಿಯಾರನಿಗೆ ಫೋನ್ ಮಾಡಿದಳು.

“ಸರ್, ಪಿನ್ನು ನನ್ ಹತ್ರ ಇದೆ. ಮನೇಲಿದೀನಿ. ಜೇಬಲ್ಲಿ ಬಂದುಬಿಟ್ಟಿದೆ.”

ಆ ಕಡೆ ಗಾಳಿ ಬೀಸುತ್ತಿತ್ತು. ಅವನು ವಾಚು ನೋಡುತ್ತಿರಬೇಕು ಅಂದುಕೊಂಡಳು.

“ನಂಬರ್ ಓದು,” ಎಂದ ಗಡಿಯಾರ.

ಪಿನ್ನಿನ ಕೊರಳಲ್ಲಿ ಕೊರೆದಿದ್ದ ನಂಬರ್ ಓದಿದಳು.

“ಅದೇ. ಪಟ್ಟಿ ಹರಿದಿದ್ಯಾ? ಏನಾದ್ರೂ ಮುರಿದಿದ್ಯಾ?”

“ಇಲ್ಲ ಸರ್. ಪೂರ್ತಿ ಇದೆ.”

“ತಗೊಂಡು ಬಾ. ಒಳಗೆ ಬರಬೇಡ, ಕೆಲಸಗಾರರ ಗೇಟಲ್ಲಿ ನಿಲ್ಲು.” ಫೋನು ಇಡುವ ಮುನ್ನ ಅವನು ಯಾರಿಗೋ ಕೂಗಿದ್ದು ಕೇಳಿಸಿತು: “ಸಾಕು ನಿಲ್ಲಿಸ್ರಪ್ಪಾ! ನೆರಳಿಗೆ ಹೋಗಿ!”

ಗುಂಪಿನಲ್ಲಿ ಸಂದೇಶ ಬಂತು: ‘ಸಿಕ್ಕಿದೆ. ಬೇ ತೆರೆದಿದೆ.’ ಅದರ ಕೆಳಗೆ ಯಾರೋ ಕೈ ಮುಗಿದರು. ಯಾರೋ ನೀರಿನ ಬಾಟಲಿಯ ಚಿತ್ರ ಹಾಕಿದರು. ನಿಧಾನಿ ಮಾತ್ರ ಅವಳಿಗೆ ಬೇರೆಯಾಗಿ ಒಂದೇ ಪದ ಕಳಿಸಿದ್ದ: ‘ಪೆದ್ದಿ.’

ಪಾಸಿನ ವಿಷಯ ಇನ್ನೂ ಹಾಗೇ ಇತ್ತು. ಆದರೂ ಎದೆಯ ಮೇಲಿದ್ದ ಕಲ್ಲಿನ ಅರ್ಧ ಇಳಿದಿತ್ತು. ಅವಳು ಪಿನ್ನನ್ನು ಟವೆಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಹೊರಬಂದಾಗ ಅಪ್ಪ ಸ್ಕೂಟರನ್ನು ಸ್ಟ್ಯಾಂಡಿನಿಂದ ಇಳಿಸಿ ನಿಂತಿದ್ದ.

“ನೀನೂ ಬರ್ತೀಯಾ ಅಪ್ಪ?”

“ಬಸ್ಸಿಗೆ ಕಾಯ್ತಾ ಕೂತ್ರೆ ಸಾಯಂಕಾಲ ಆಗುತ್ತೆ,” ಎಂದ ಅಪ್ಪ, ಅದಷ್ಟೇ ಕಾರಣವೆಂಬಂತೆ.

ಗೋದಾಮುಗಳ ಬೀದಿ ದಾಟಿ, ಇಂಧನದ ಟ್ಯಾಂಕರುಗಳು ಸಾಲುಗಟ್ಟಿದ ರಸ್ತೆಗೆ ಬಂದಾಗ ಸೀಮೆಎಣ್ಣೆಯ ಹಾಗಿನ ಆ ವಾಸನೆ ಬಂತು. ಅಪ್ಪ ಸ್ಕೂಟರಿನ ವೇಗ ಕೊಂಚ ತಗ್ಗಿಸಿ ಮೂಗಿನಿಂದ ದೀರ್ಘವಾಗಿ ಉಸಿರೆಳೆದುಕೊಂಡ. ಹಿಂದೆ ಕೂತ ಅವಳಿಗೆ ಅವನ ಬೆನ್ನು ಉಬ್ಬಿ ಇಳಿದದ್ದು ತಿಳಿಯಿತು. ಅಂದು ಹೊರಬಿದ್ದ ಮೇಲೆ ಅವನು ಈ ರಸ್ತೆಗೆ ಬಂದಿರಲಿಲ್ಲ.

ಕೆಲಸಗಾರರ ಗೇಟಿನಲ್ಲಿ ಒಂದು ತಗಡಿನ ಮಾಡು, ಒಂದು ಲೋಹ ಪತ್ತೆಯ ಕಮಾನು, ಬೆಂಚಿನ ಮೇಲೆ ಕಾವಲುಗಾರ. ಒಳಗೆ ಹೋಗುವವರನ್ನು ಕೂದಲು ಸೀಳಿ ನೋಡುತ್ತಾರೆ, ಹೊರಗೆ ಬರುವವರನ್ನು ನೋಡುವವರಿಲ್ಲ. ಪಿನ್ನು ಹೊರಬಂದದ್ದು ಹಾಗೆ. ಮಾಡಿನ ನೆರಳಲ್ಲಿ ಗಡಿಯಾರ ನಿಂತಿದ್ದ. ಅವನ ಪಕ್ಕದಲ್ಲಿ ವಿಮಾನ ಸಂಸ್ಥೆಯ ಕಡುನೀಲಿ ಕೋಟಿನ ಹೆಂಗಸು, ಅಂಗಳದ ಸುರಕ್ಷತೆ ನೋಡಿಕೊಳ್ಳುವ ಅಧಿಕಾರಿ. ಎಲ್ಲರೂ ಮೇಡಂ ಅನ್ನುವವರು. ಪಾಸು ಕೊಡುವುದು ನಿಲ್ದಾಣ. ಆದರೆ ಇವರು ಒಂದು ಮಾತು ಬರೆದರೆ ಸಾಕು, ಅದು ಹೋಗುತ್ತದೆ.

ಗಡಿಯಾರನ ಕಣ್ಣು ಮೊದಲು ಬಿದ್ದದ್ದು ಸ್ಕೂಟರಿನ ಮೇಲೆ. ಅವನೂ ಒಂದು ಕಾಲದ ನೀಲಿ ಅಂಗಿ. ಅಪ್ಪನ ಜೊತೆಗೇ ಕೆಲಸಕ್ಕೆ ಸೇರಿದವನು, ಬೂದು ಅಂಗಿಗೆ ಮೊದಲು ಕೈ ಚಾಚಿದವರಲ್ಲಿ ಒಬ್ಬ. ಆಮೇಲೆ ಇಬ್ಬರೂ ಮಾತಾಡಿರಲಿಲ್ಲ.

“ಏನಪ್ಪ, ಚೆನ್ನಾಗಿದ್ಯಾ?” ಎಂದ ಗಡಿಯಾರ.

“ಬದುಕಿದೀನಿ,” ಎಂದ ಅಪ್ಪ. ಅವನನ್ನು ಅಡಿಯಿಂದ ಮುಡಿವರೆಗೆ ನೋಡಿ, “ನೀನು ಸಣ್ಣಗಾಗಿದೀಯ,” ಎಂದ. ಅಷ್ಟು ಹೇಳಿ ಸ್ಕೂಟರನ್ನು ರಸ್ತೆಯ ಆಚೆಗೆ ತಳ್ಳಿಕೊಂಡು ಹೋಗಿ ಅಲ್ಲಿ ನಿಂತ.

ಮಗಳು ಟವೆಲು ಬಿಚ್ಚಿ ಪಿನ್ನು ಕೊಟ್ಟಳು. ಮೇಡಂ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಗಡಿಯಾರನಿಗೆ ದಾಟಿಸಿ, ಖಾಲಿ ಕೈ ಚಾಚಿದರು. “ಪಾಸು.”

ಅವಳು ಕುತ್ತಿಗೆಯಿಂದ ತೆಗೆದು ಕೊಟ್ಟಳು. ಪಾಸಿನ ದಾರವೂ ಕೆಂಪು ಬಣ್ಣದ್ದೇ. ಮೇಡಂ ಆ ದಾರವನ್ನು ಬೆರಳಿಗೆ ಸುತ್ತಿಕೊಂಡರು. ಮಾತಾಡುವಾಗಲೆಲ್ಲ ಪಾಸು ಅತ್ತಿತ್ತ ಓಲಾಡುತ್ತಿತ್ತು. ಮಗಳ ಕಣ್ಣು ಅದನ್ನು ಬಿಟ್ಟು ಕದಲಲಿಲ್ಲ.

“ಹೆಂಗೆ ಹೋಯ್ತು ಹೊರಗೆ?”

ಅಪ್ಪನಿಗೆ ಹೇಳಿದ್ದನ್ನೇ ಹೇಳಿದಳು. ತೋರಿಸಿದ್ದು, ಪೈಲಟ್ ಕೈ ಎತ್ತಿದ್ದು, ತಿರುಗಿ ನೋಡುವಷ್ಟರಲ್ಲಿ ಟ್ರ್ಯಾಕ್ಟರ್ ಇಲ್ಲದ್ದು, ಓಡಿದ್ದು. ನಿಧಾನಿಯ ಫೋನಿನ ವಿಷಯ ಹೇಳಲಿಲ್ಲ, ಅದನ್ನು ಯಾರೂ ಕೇಳಲೂ ಇಲ್ಲ.

“ಪಿನ್ನು ಡಬ್ಬಿಗೆ ಬೀಳೋಕೆ ಮೊದ್ಲೇ ಟ್ರ್ಯಾಕ್ಟರ್ ಹೊರಡುತ್ತಾ?” ಮೇಡಂ ಗಡಿಯಾರನ ಕಡೆ ತಿರುಗಿದರು.

ಗಡಿಯಾರ ವಾಚಿನ ಕಡೆಗೆ ಕೈ ಎತ್ತಿದ, ನೋಡದೆ ಇಳಿಸಿದ. “ಹೊರಡುತ್ತೆ ಮೇಡಂ. ಇಲ್ದಿದ್ರೆ ಮುಂದಿನ ವಿಮಾನ ತಡ ಆಗುತ್ತೆ. ತಡ ಆದ್ರೆ ನೀವೇ ನಮ್ಮ ಕಂಪನಿಗೆ ದಂಡ ಹಾಕ್ತೀರಿ.”

ಕಾವಲುಗಾರ ಬೆಂಚಿನ ಮೇಲೆ ಅಲುಗದೆ ಕೂತು ಕೇಳಿಸಿಕೊಳ್ಳುತ್ತಿದ್ದ.

“ನೀವು ನಾಳೆ ತರಬಹುದಿತ್ತು,” ಎಂದರು ಮೇಡಂ ಮಗಳಿಗೆ. “ಹುಲ್ಲಲ್ಲಿ ಎಲ್ಲಾದ್ರೂ ಸಿಗೋ ಹಂಗೆ ಮಾಡಬಹುದಿತ್ತು. ನಾನೂ ಇಲ್ಲೇ ಇರೋಳು, ನನಗೂ ಗೊತ್ತು. ಯಾಕೆ ಮಾಡ್ಲಿಲ್ಲ?”

“ಎಲ್ರೂ ಬಿಸಿಲಲ್ಲಿ ಹುಡುಕ್ತಾ ಇದ್ರು ಮೇಡಂ. ನನಗೆ ಎಲ್ಲಿದೆ ಅಂತ ಗೊತ್ತಿತ್ತು.”

ಮೇಡಂ ಕೈಯಲ್ಲಿದ್ದ ಪಾಸಿನ ಫೋಟೋ ನೋಡಿದರು, ಅವಳ ಮುಖ ನೋಡಿದರು. “ಈ ಕಂಪನಿ ಬಂದ ಮೇಲೆ ಪಿನ್ನು ಕಳೆದದ್ದು ಇದೇ ಮೊದಲಲ್ಲ,” ಎಂದರು ನಿಧಾನವಾಗಿ. “ಪ್ರತಿ ಸಲವೂ ಹುಡುಕಿಸಿದೀನಿ. ಪ್ರತಿ ಸಲವೂ ನಿಮ್ಮೋರು ನನಗ್ಗೊತ್ತಿಲ್ಲ ಅಂದಿದಾರೆ. ಅವು ಎಲ್ಲಿವೆ ಅಂತ ಇವತ್ತಿಗೂ ಗೊತ್ತಿಲ್ಲ. ಯಾರ ಮನೇಲಾದ್ರೂ ಇರಲಪ್ಪ ಅಂತ ಬೇಡ್ಕೋತೀನಿ, ನೆಲದ ಮೇಲೆ ಮಾತ್ರ ಬೇಡ. ಹೋಗಿ ತಾನಾಗಿ ವಾಪಸ್ ಬಂದ ಮೊದಲನೇ ಪಿನ್ನು ಇದು. ಇದನ್ನ ತಂದೋರ ಪಾಸು ಕಿತ್ಕೊಂಡ್ರೆ ಎರಡನೇದು ಯಾವ ಜನ್ಮದಲ್ಲಿ ಬರುತ್ತೆ?”

ಬೆರಳಿನಿಂದ ದಾರ ಬಿಚ್ಚಿ ಪಾಸನ್ನು ಅವಳ ಕೈಗಿಟ್ಟರು.

“ಇನ್ಮೇಲೆ ಪಿನ್ನು ಡಬ್ಬಿಗೆ ಬೀಳೋವರೆಗೂ ಟ್ರ್ಯಾಕ್ಟರ್ ಕದಲಬಾರದು,” ಎಂದರು ಗಡಿಯಾರನಿಗೆ. “ಅದಕ್ಕೆ ಹಿಡಿಯೋ ಸಮಯಕ್ಕೆ ದಂಡ ಇಲ್ಲ. ಇವತ್ತೇ ಬರೆದು ಕಳಿಸ್ತೀನಿ.”

“ಕಂಪನಿಯೋರು ಇವಳ ವಿಷಯ ಕೇಳ್ತಾರೆ ಮೇಡಂ.”

“ನನ್ನ ಹೆಸರು ಹೇಳಿ.”

“ಹೇಳ್ತೀನಿ,” ಎಂದ ಗಡಿಯಾರ. ಅವನ ದನಿಯಲ್ಲೂ ಏನೋ ಸಡಿಲವಾದ ಹಾಗಿತ್ತು. ಮೇಡಂ ಒಳಗೆ ಹೋದ ಮೇಲೆ ಅವನು ಕರವಸ್ತ್ರದಿಂದ ಕತ್ತು ಒರೆಸಿಕೊಂಡು, “ಬೀಸೋ ದೊಣ್ಣೆ ತಪ್ಪಿದ್ರೆ ಸಾವಿರ ವರ್ಷ ಆಯಸ್ಸು. ಹೋಗು, ಮನೆಗೆ ಹೋಗಿ ಊಟ ಮಾಡು,” ಎಂದ.

ಅವಳು ಟವೆಲನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು. ರಸ್ತೆಯ ಆಚೆ ಅಪ್ಪ ಸ್ಕೂಟರಿಗೆ ಒರಗಿ ನಿಂತು, ಬಿಸಿಲಿಗೆ ಹಣೆಗೆ ಕೈ ಅಡ್ಡ ಹಿಡಿದು ನೋಡುತ್ತಿದ್ದ. ನಡುವೆ ಟ್ಯಾಂಕರುಗಳು ಒಂದರ ಹಿಂದೊಂದು ಹೋಗುತ್ತಿದ್ದವು, ಕೂಗಿದರೆ ಕೇಳುವಂತಿರಲಿಲ್ಲ. ಅವಳು ರಸ್ತೆಯ ಅಂಚಿಗೆ ಬಂದು, ಪಾಸನ್ನು ಅದರ ಕೆಂಪು ದಾರದಿಂದ ಹಿಡಿದು ತಲೆಯ ಮೇಲೆ ಎತ್ತಿ ತೋರಿಸಿದಳು.

ಟ್ಯಾಂಕರ್ ದಾಟಿತು. ಆಚೆಯಿಂದ ಅಪ್ಪ ಎಡಗೈ ಎತ್ತಿದ.

ಮರುದಿನ ಬೆಳಿಗ್ಗೆ ಪಾಳಿಗೆ ಹೋದಾಗ ಗಡಿಯಾರ ತನ್ನ ಕಪಾಟಿನ ಮೂಲೆಯಿಂದ ಏನನ್ನೋ ಎಳೆದು ಅವಳ ಕಡೆ ಎಸೆದ. ಮಾಸಿ ಗುಲಾಬಿಯಾಗಿದ್ದ ಹಳೆಯ ಪಟ್ಟಿ. ಅಂಚು ಎಳೆ ಬಿಟ್ಟಿತ್ತು, ಅಕ್ಷರ ಅರ್ಧ ಅಳಿಸಿತ್ತು. ನೀಲಿ ಅಂಗಿಯ ಕಾಲದ್ದು. ಇಷ್ಟು ವರ್ಷ ಅದನ್ನು ಅಲ್ಲೇಕೆ ಇಟ್ಟುಕೊಂಡಿದ್ದನೋ, ಅವನು ಹೇಳಲಿಲ್ಲ. “ಸಿಕ್ಕಿಸ್ಕೋ. ನಿಮ್ಮಪ್ಪ ನನಗೆ ಎರಡು ಸಲ ಸಿಕ್ಕಿಸಿದಾನೆ,” ಎಂದ.

ಸಂಬಳ ಹೆಚ್ಚಾಗಲಿಲ್ಲ. ರೆಕ್ಕೆಯ ಬಳಿ ನಿಲ್ಲಲು ಅಂದೂ ಯಾರೂ ಬರಲಿಲ್ಲ. ಆದರೆ ಮೊದಲ ವಿಮಾನ ತಳ್ಳಿ, ಪಿನ್ನು ಕಿತ್ತು, ಪೈಲಟ್‌ಗೆ ತೋರಿಸಿ ತಿರುಗಿದಾಗ ಟ್ರ್ಯಾಕ್ಟರ್ ಅಲ್ಲೇ ನಿಂತಿತ್ತು. ನಿಧಾನಿ ಡಬ್ಬಿಯ ಮುಚ್ಚಳ ತೆಗೆದು ಹಿಡಿದು, ಮುಖ ಊದಿಸಿಕೊಂಡು ಕೂತಿದ್ದ. “ಹಾಕಮ್ಮ ತಾಯಿ, ಹಾಕು. ನಿನ್ನಿಂದ ನನಗೆ ನಿಜವಾಗ್ಲೂ ಆ ಹೆಸರು ಬಂತು,” ಎಂದ. ಅವಳು ಪಿನ್ನು ಹಾಕಿದಳು, ಅದು ಟಣ್ ಅಂದಿತು. ಬಗ್ಗಿದವಳ ಭುಜದಿಂದ ಇಳಿಬಿದ್ದಿದ್ದ ಪಟ್ಟಿಯನ್ನು ಅವನು ಎಳೆದ. “ತೆಗೆದ್ರೂ ಹಾರ್ತಾ ಇಲ್ಲವಲ್ಲ ಇದು!” ಎಂದು ಅಂಗಳದ ತುದಿಗೂ ಕೇಳುವ ಹಾಗೆ ಕೂಗಿದ. ಗುಡಿಸುವವಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

ಮಧ್ಯಾಹ್ನ ಮನೆಗೆ ಬಂದಾಗ ಅಪ್ಪ ಫ್ಯಾನಿನ ಸುರುಳಿ ಸುತ್ತುತ್ತಿದ್ದ. ತಲೆ ಎತ್ತಲಿಲ್ಲ.

“ಸಿಕ್ಕಿಸಿದ್ರಾ?”

“ಸಿಕ್ಕಿಸಿದ್ರು.”

“ನಕ್ಕರಾ?”

“ಹೊಟ್ಟೆ ಹುಣ್ಣಾಗೋ ಹಂಗೆ ನಕ್ಕರು ಅಪ್ಪ.”

“ಹಂಗಾದ್ರೆ ಸರಿ,” ಎಂದ ಅಪ್ಪ. ತಂತಿಯನ್ನು ಬೆರಳಿನಿಂದ ಬಿಗಿ ಮಾಡಿ, ಇನ್ನೊಂದು ಸುತ್ತು ಸುತ್ತಿದ. ಆಮೇಲೆ ಕೇಳಿದ: “ಮೊದಲನೇ ವಿಮಾನ ಯಾವ ಬೇ?”

ಅಡುಗೆಮನೆಯಿಂದ ಅಮ್ಮ ಕೂಗಿದಳು. “ಮೊದ್ಲು ಜೇಬು ನೋಡ್ಕೊಳ್ಳೇ! ಆಮೇಲೆ ಮಾತು!”

ಅವಳು ನಾಲ್ಕೂ ಜೇಬನ್ನು ಒಳಗಿಂದ ಹೊರಕ್ಕೆ ತಿರುವಿ ತೋರಿಸಿದಳು. ಖಾಲಿ. ಬೂದು ಅಂಗಿಯನ್ನು ಗೋಡೆಯ ಮೊಳೆಗೆ ನೇತುಹಾಕಿ, ಅಪ್ಪನ ಎದುರು ಕುಕ್ಕರಗಾಲಲ್ಲಿ ಕೂತು, ಯಾವ ಬೇ ಎಂದು ಹೇಳತೊಡಗಿದಳು.